ಹೋಮಕ್ಕಿಂತ ಮೊದಲು ಖಾತಾ: ಹೊಸ ಮನೆ ತಗೊಂಡ ನಮ್ಮ ಜನಕ್ಕೆ ನಾಲ್ಕು ಮಾತು



ನಮ್ಮ ಕೇರಿಯ ಮಕ್ಕಳು ಈಗ ಮನೆ ತಗೊಳ್ತಿದ್ದಾರೆ. ಪೌರಕಾರ್ಮಿಕರ ಮಗ ಬೆಂಗಳೂರಿನಲ್ಲಿ ಫ್ಲ್ಯಾಟ್ ತಗೊಂಡ, ಟೀಚರ್ ಆಗಿರೋ ತಂಗಿ ತಾಲ್ಲೂಕು ಕೇಂದ್ರದಲ್ಲಿ ಸ್ವಂತ ಮನೆ ಮಾಡಿದ್ಳು ಅಂತ ಕೇಳಿದಾಗ ಎದೆ ಉಬ್ಬುತ್ತೆ. ಊರ ಹೊರಗೆ ಇಟ್ಟ ಜನ ಊರ ನಡುವೆ ಬಾಗಿಲು ತೆಗೀತಿದ್ದಾರೆ ಅಂದ್ರೆ ಅದು ಸಣ್ಣ ಮಾತಲ್ಲ.

ಆದರೆ ಸಬ್ ರಿಜಿಸ್ಟ್ರಾರ್ ಆಫೀಸಿಂದ ಹೊರಗೆ ಬಂದ ತಕ್ಷಣ ಎಲ್ಲರೂ ಕೇಳೋ ಪ್ರಶ್ನೆ ಒಂದೇ: "ಗೃಹಪ್ರವೇಶ ಯಾವಾಗ?" "ಖಾತಾ ಯಾವಾಗ ಆಗುತ್ತೆ?" ಅಂತ ಕೇಳೋರು ಒಬ್ಬರೂ ಇಲ್ಲ. ಮನೆಗೆ ಮಾಡಿದ ಸಾಲದ ಮೇಲೆ ಇನ್ನೊಂದು ಕೈಸಾಲ ಮಾಡಿ ಪುರೋಹಿತರು, ಹೋಮ, ಶಾಮಿಯಾನ, ವಾಸ್ತು ನೋಡೋನು ಹೇಳ್ದ ಅಂತ ಚೆನ್ನಾಗಿರೋ ಬಾಗಿಲು ಕಿತ್ತು ಇನ್ನೊಂದು ಕಡೆ ಇಡೋದು. ಕಾಗದ ಮಾತ್ರ ಬ್ಯಾಂಕಿನ ಪ್ಲಾಸ್ಟಿಕ್ ಕವರಲ್ಲಿ ಬೀರು ಮೇಲೆ ಬಿದ್ದಿರುತ್ತೆ.

ಇದನ್ನ ಯಾಕೆ ಇಷ್ಟು ಖಾರವಾಗಿ ಹೇಳ್ತಿದ್ದೀನಿ ಅಂದ್ರೆ, ನಮ್ಮ ಜನ ಭೂಮಿ ಕಳ್ಕೊಂಡಿದ್ದು ಬರೀ ದೊಣ್ಣೆ ಏಟಿಗಲ್ಲ, ಕಾಗದದಿಂದ. ಸರ್ಕಾರ ಮಂಜೂರು ಮಾಡಿದ ಜಮೀನು ಭೋಗ್ಯದ ಹೆಸರಲ್ಲಿ, ಕೈಸಾಲದ ಹೆಸರಲ್ಲಿ, ಒಂದು ಹೆಬ್ಬೆಟ್ಟಿಗೆ ಬೇರೆಯವರ ಪಾಲಾಯ್ತು. ಅದಕ್ಕೇ 1978ರ ಪಿಟಿಸಿಎಲ್ ಕಾಯ್ದೆ ತರಬೇಕಾಯ್ತು. ಅದು ಬಂದ ಮೇಲೂ "ತಡವಾಗಿ ಬಂದ್ರಿ" ಅಂತ ನಮ್ಮವರ ಅರ್ಜಿಗಳು ವಜಾ ಆದವು. ಕಾಲಮಿತಿ ಇಲ್ಲ ಅಂತ ಕಾಯ್ದೆಯಲ್ಲೇ ಬರೆಸೋಕೆ 2023ರ ತಿದ್ದುಪಡಿವರೆಗೆ ಹೋರಾಡಬೇಕಾಯ್ತು. ತಡ ಮಾಡಿದವನ ಕಾಗದಕ್ಕೆ ಏನಾಗುತ್ತೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಾಗಾಗಿ ರಿಜಿಸ್ಟ್ರೇಷನ್ ಆದ ಮೊದಲ ತಿಂಗಳು ಈ ಕೆಲಸಗಳು ಆಗಬೇಕು.

ಒಂದನೇದು, ಖಾತಾ. ಕ್ರಯಪತ್ರ ನೋಂದಣಿ ಆಯ್ತು ಅಂದ ಮಾತ್ರಕ್ಕೆ ಪಾಲಿಕೆಯ, ಪಂಚಾಯ್ತಿಯ ಪುಸ್ತಕದಲ್ಲಿ ನಿಮ್ಮ ಹೆಸರು ಬಂತು ಅಂತ ತಿಳ್ಕೋಬೇಡಿ. ಈಗ ಕಾವೇರಿ ತಂತ್ರಾಂಶದಿಂದ ಎಲ್ಲ ಆನ್‌ಲೈನಲ್ಲೇ ಹೋಗುತ್ತೆ ಅಂತಾರೆ. ಹೋಗಲಿ, ಒಳ್ಳೇದು. ಆದ್ರೂ ನೀವೇ ತೆಗೆದು ನೋಡಿ. ಪಟ್ಟಣದಲ್ಲಾದ್ರೆ ಇ-ಖಾತಾ, ಗ್ರಾಮ ಪಂಚಾಯ್ತಿಯಲ್ಲಾದ್ರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಹೆಸರಿನ ಅಕ್ಷರ, ಅಳತೆ, ನಾಲ್ಕು ದಿಕ್ಕಿನ ಚೆಕ್ಕುಬಂದಿ ಕ್ರಯಪತ್ರದ ಜೊತೆ ತಾಳೆ ಆಗ್ತಿದೆಯಾ? ಇಲ್ಲಾಂದ್ರೆ ಈಗಲೇ ಅರ್ಜಿ ಕೊಡಿ, ಸ್ವೀಕೃತಿ ಇಸ್ಕೊಳ್ಳಿ. ಖಾತಾ ಅಂದ್ರೆ ಮಾಲೀಕತ್ವ ಅಲ್ಲ, ತೆರಿಗೆ ಕಟ್ಟೋರ ದಾಖಲೆ ಅಷ್ಟೇ. ಮಾಲೀಕತ್ವಕ್ಕೆ ಆಧಾರ ಕ್ರಯಪತ್ರ. ಆದರೆ ಖಾತಾ ಇಲ್ಲದೆ ಪ್ಲಾನ್, ಸಾಲ, ಮುಂದಿನ ಮಾರಾಟ ಎಲ್ಲ ನಿಲ್ಲುತ್ತೆ. ಆಮೇಲೆ "ಮಾಡಿಸ್ಕೊಡ್ತೀನಿ" ಅಂತ ಬರೋ ಬ್ರೋಕರ್ ಕೈಗೆ ಸಿಕ್ಕಿಬೀಳ್ತೀವಿ.

ಎರಡನೇದು, ಇಸಿ. ರಿಜಿಸ್ಟ್ರೇಷನ್ ಆದ ಕೆಲ ದಿನಕ್ಕೆ ಹೊಸ ಋಣಭಾರ ಪತ್ರ ತೆಗೀರಿ. ನಮೂನೆ 15ರಲ್ಲಿ ನಿಮ್ಮ ಕ್ರಯ ಕಾಣಬೇಕು. ಸಾಲ ಇದ್ರೆ ಬ್ಯಾಂಕಿನ ಅಡಮಾನದ ನಮೂದು ಇರಬಹುದು. ಗೊತ್ತಿಲ್ಲದ ಹೆಸರೇನಾದ್ರೂ ಕಂಡ್ರೆ ಆ ದಿನವೇ ವಕೀಲರ ಹತ್ತಿರ ಹೋಗಿ.

ಮೂರನೇದು, ಬ್ಯಾಂಕ್. ಯಾವ್ಯಾವ ಮೂಲಪತ್ರ ಒಪ್ಪಿಸಿದ್ದೀರಿ ಅಂತ ಪಟ್ಟಿ ಮಾಡಿ ಸೀಲು-ಸಹಿ ಇಸ್ಕೊಳ್ಳಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲಪತ್ರ ವಾಪಸ್ ಕೊಡಬೇಕು, ಬ್ಯಾಂಕಿನ ತಪ್ಪಿಂದ ತಡ ಆದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2023ರಲ್ಲೇ ಆದೇಶ ಮಾಡಿದೆ. ಇದು ನಿಮ್ಮ ಹಕ್ಕು. ಇಪ್ಪತ್ತು ವರ್ಷ ಆದ ಮೇಲೆ ನಿಮ್ಮ ಮಗಳು ಬ್ಯಾಂಕ್ ಮುಂದೆ ನಿಂತಾಗ ಆ ಪಟ್ಟಿ ಅವಳ ಕೈಲಿರಬೇಕು.

ನಾಲ್ಕನೇದು, ಕರೆಂಟು ಮತ್ತು ಕಂದಾಯ. ಆರ್.ಆರ್. ನಂಬರ್ ಹಳೇ ಮಾಲೀಕರ ಹೆಸರಲ್ಲೇ ಓಡ್ತಾ ಇರುತ್ತೆ. ಹಳೇ ಬಾಕಿ ನೋಡಿ, ಹೆಸರು ಬದಲಾಯಿಸಿ. ನೀರಿನ ಸಂಪರ್ಕವೂ ಹಾಗೇ. ಮನೆ ಕಂದಾಯ ಏಪ್ರಿಲ್‌ನಲ್ಲೇ ಕಟ್ಟಿದ್ರೆ ಶೇ. 5 ರಿಯಾಯಿತಿ ಇರುತ್ತೆ. ರಸೀದಿಗಳನ್ನ ಎಸೀಬೇಡಿ.

ಐದನೇದು, ವೋಟರ್ ಲಿಸ್ಟ್. ಮನೆ ಬದಲಾಯಿಸಿದ ಕೂಡಲೇ ನಮೂನೆ 8 ತುಂಬಿ ಹೊಸ ವಿಳಾಸಕ್ಕೆ ಹೆಸರು ಸೇರಿಸಿ. ಸ್ವಂತ ಮನೆ ಆಯ್ತು, ಓಟು ಹೋಯ್ತು ಅನ್ನೋ ಹಾಗೆ ಆಗಬಾರದು.

ಇನ್ನು ಹೆಣ್ಣುಮಕ್ಕಳ ವಿಷಯ. ಅಣ್ಣಂದಿರೇ, ಇದನ್ನ ಸ್ಕ್ರೋಲ್ ಮಾಡಿ ಮುಂದೆ ಹೋಗ್ಬೇಡಿ. ಅಕ್ಕಂದಿರು ದುಡಿದ ದುಡ್ಡು, ಸಂಘದ ಸಾಲ, ಅಡ ಇಟ್ಟ ಕಿವಿಯ ಓಲೆ ಎಲ್ಲ ಮನೆಗೆ ಬಂತು. ಕ್ರಯಪತ್ರದಲ್ಲಿ ಮಾತ್ರ ನಿಮ್ಮ ಒಬ್ಬರದೇ ಹೆಸರು. ಹಿಂದೂ ಕೋಡ್ ಬಿಲ್ ಪಾಸಾಗಲಿಲ್ಲ ಅನ್ನೋದು ಬಾಬಾಸಾಹೇಬರು 1951ರಲ್ಲಿ ಮಂತ್ರಿ ಪದವಿ ಬಿಟ್ಟಿದ್ದಕ್ಕೆ ದೊಡ್ಡ ಕಾರಣ. ಗೋಡೆ ಮೇಲೆ ಅವರ ಫೋಟೋ ಹಾಕಿ, ಕಾಗದದಲ್ಲಿ ಹೆಂಡತಿ ಹೆಸರು ಬಿಟ್ರೆ ಏನು ಬಂತು? ರಿಜಿಸ್ಟ್ರೇಷನ್ ಆಗಿಹೋಗಿದ್ರೂ ದಾರಿ ಇದೆ. ಕುಟುಂಬದೊಳಗಿನ ದಾನಪತ್ರಕ್ಕೆ ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ಕಡಿಮೆ. ಸಾಲ ಇದ್ರೆ ಬ್ಯಾಂಕಿನ ಒಪ್ಪಿಗೆ ತಗೋಬೇಕು, ಅಷ್ಟೇ.

ಜೊತೆಗೆ ಒಂದು ವಿಲ್ ಬರೆದಿಡಿ. ಸಾಯೋ ಮಾತು ಯಾಕೆ ಅಂತೀರಿ. ಸತ್ತ ಮೇಲೆ ಬೀದಿಗೆ ಬರೋ ಹೆಂಡತಿ ಮಕ್ಕಳ ಮಾತು ಇದು. ವಿಲ್‌ಗೆ ಛಾಪಾ ಕಾಗದ ಬೇಕಿಲ್ಲ. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇದ್ರೆ ಆಯ್ತು. ನೋಂದಣಿ ಕಡ್ಡಾಯ ಅಲ್ಲ, ಆದ್ರೂ ಮಾಡಿಸಿದ್ರೆ ಗಟ್ಟಿ. ವಿಲ್ ಇಲ್ಲದೆ ಗಂಡ ತೀರಿಕೊಂಡರೆ ಅವನ ಸ್ವಂತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಎಲ್ಲರಿಗೂ ಸಮಪಾಲು. ಧಮ್ಮ ಸ್ವೀಕಾರ ಮಾಡಿದ ನಮ್ಮ ಬೌದ್ಧ ಬಂಧುಗಳಿಗೂ 1956ರ ಇದೇ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತೆ.

ಇಷ್ಟು ಹೇಳಿದ್ರೆ ಕೆಲವರಿಗೆ ಸಿಟ್ಟು ಬರುತ್ತೆ. "ಮೇಲ್ಜಾತಿಯವರು ಸಾವಿರ ಜನಕ್ಕೆ ಊಟ ಹಾಕಿದ್ರೆ ಸಂಭ್ರಮ, ನಾವು ಹಾಕಿದ್ರೆ ದುಂದುವೆಚ್ಚನಾ?" ಅಂತಾರೆ. ಪ್ರಶ್ನೆ ನ್ಯಾಯವಾಗೇ ಇದೆ. ನಮ್ಮಪ್ಪ ಅಮ್ಮ ಕಂಡವರ ಜಗಲಿ ಕೆಳಗೆ ನಿಂತು ಬಂದವರು, ಅವರ ಮಕ್ಕಳ ಮನೆಯಲ್ಲಿ ಸಂಭ್ರಮ ಬೇಡ ಅಂತ ಹೇಳೋಕೆ ನಾನ್ಯಾರು? ಕೇರಿಯವರನ್ನೆಲ್ಲ ಕರೀರಿ, ಬಾಡೂಟ ಹಾಕಿ, ತಮಟೆ ಬಾರಿಸಿ. ಅಮ್ಮನ ಕೈಲಿ ಬಾಗಿಲು ತೆಗೆಸಿ, ಸಂವಿಧಾನದ ಪೀಠಿಕೆ ಓದಿ, ಇಲ್ಲಾ ಬುದ್ಧವಂದನೆ ಮಾಡಿ. ಬಡ್ಡಿ ದುಡ್ಡಲ್ಲಿ ಮಾಡ್ಬೇಡಿ, ಖಾತಾ ಶುಲ್ಕದ ದುಡ್ಡಲ್ಲಿ ಮಾಡ್ಬೇಡಿ ಅಂತ ಮಾತ್ರ ಹೇಳ್ತಿದ್ದೀನಿ. ನಮ್ಮ ನೆರಳು ಬಿದ್ರೆ ಮೈಲಿಗೆ ಅಂದ ವ್ಯವಸ್ಥೆಯ ಕೈಲಿ ನಮ್ಮ ಮನೆ ಶುದ್ಧಿ ಮಾಡಿಸೋಕೆ ಸಾಲ ಯಾಕೆ?

ಕೊನೇದಾಗಿ, ಗೇಟಿನ ಮೇಲಿನ ಹೆಸರು. ಏರಿಯಾದವರಿಗೆ ಜಾತಿ ಗೊತ್ತಾಗದೇ ಇರಲಿ ಅಂತ ದೇವರ ಹೆಸರು ಹಾಕಿ ಅಡಗಿಕೊಳ್ಳೋರು ನಮ್ಮಲ್ಲಿ ಬಹಳ. ಆ ಭಯ ನನಗೆ ಅರ್ಥ ಆಗುತ್ತೆ. ಕೊಲಂಬಿಯಾದಲ್ಲಿ ಓದಿ 1917ರಲ್ಲಿ ಬರೋಡಾಗೆ ಕೆಲಸಕ್ಕೆ ಬಂದ ಬಾಬಾಸಾಹೇಬರೇ ಪಾರ್ಸಿ ಹೆಸರು ಹೇಳ್ಕೊಂಡು ವಸತಿಗೃಹದಲ್ಲಿ ಇರಬೇಕಾಯ್ತು. ಗೊತ್ತಾದ ದಿನ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಅದೇ ಬಾಬಾಸಾಹೇಬರು 1930ರ ದಶಕದಲ್ಲಿ ದಾದರಿನ ಹಿಂದೂ ಕಾಲೊನಿಯಲ್ಲಿ ರಾಜಗೃಹ ಕಟ್ಟಿಸಿದರು. ತಮ್ಮ ಪುಸ್ತಕಗಳಿಗೆ ಜಾಗ ಬೇಕು ಅಂತ ಕಟ್ಟಿಸಿದ ಮನೆ ಅದು. ನಮ್ಮ ಹೊಸ ಮನೆಯಲ್ಲೂ ಟಿವಿ ಗೋಡೆಗೆ ಮುಂಚೆ ಒಂದು ಪುಸ್ತಕದ ಕಪಾಟು ಬರಲಿ.

ನೆರೆಯವರು ನೀರು ತಡೆದ್ರೆ, ದಾರಿ ಮುಚ್ಚಿದ್ರೆ, ಜಾತಿ ಕಾರಣಕ್ಕೆ ಬಹಿಷ್ಕಾರ ಹಾಕಿದ್ರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಮನೆ ಆಸ್ತಿಯ ಅನುಭೋಗಕ್ಕೆ ಅಡ್ಡಿ ಮಾಡೋದು, ಸಾಮಾಜಿಕ ಬಹಿಷ್ಕಾರ ಎರಡೂ ಅದರಲ್ಲಿ ಅಪರಾಧ. ಆದರೆ ದೂರು ನಿಲ್ಲೋದು ಮತ್ತೆ ಕಾಗದದ ಮೇಲೇ. ಖಾತಾ, ರಸೀದಿ, ಫೋಟೋ ಕೈಲಿರಬೇಕು.

ಮತ್ತೆ, ಮೇಲಿನ ಮಹಡಿ ಬಾಡಿಗೆಗೆ ಕೊಡ್ತೀರಾ? "ನಾನ್‌ವೆಜ್ ತಿಂತೀರಾ, ಯಾವ ಜನ?" ಅನ್ನೋ ಪ್ರಶ್ನೆ ಕೇಳಿಸ್ಕೊಂಡು ಮೆಟ್ಟಿಲು ಇಳಿದವರು ನಾವು. ನಮ್ಮ ಗೇಟಿನ ಮುಂದೆ ನಿಂತ ಮುಸ್ಲಿಂ ಹುಡುಗನಿಗೆ, ಒಂಟಿ ಹೆಣ್ಣುಮಗಳಿಗೆ, ಊರಿಂದ ಓದೋಕೆ ಬಂದ ನಮ್ಮದೇ ಕೇರಿಯ ಮಕ್ಕಳಿಗೆ ಆ ಪ್ರಶ್ನೆ ನಮ್ಮ ಬಾಯಿಂದ ಬರಬಾರದು.

ಈ ವರ್ಷ ಮನೆ ತಗೊಂಡವರು ನಿಮ್ಮ ಬಳಗದಲ್ಲಿ ಇದ್ರೆ ಇದನ್ನ ಕಳಿಸಿ. ಅಭಿನಂದನೆ ಹೇಳಿ, ಆಮೇಲೆ ಖಾತಾ ಆಯ್ತಾ ಅಂತ ಕೇಳಿ.

ಜೈ ಭೀಮ್. ಜೈ ಸಂವಿಧಾನ.