ವಿಶ್ವವಿದ್ಯಾನಿಲಯದಲ್ಲಿ ದೈವಶಾಸ್ತ್ರ

ದೈವಶಾಸ್ತ್ರವು ಗುರುಮಠದಲ್ಲಿ ಓದತಕ್ಕದ್ದು, ವಿಶ್ವವಿದ್ಯಾನಿಲಯಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೇಳುವ ವಿಶ್ವಾಸಿಗಳು ನಮ್ಮ ಜಯಲಕ್ಷ್ಮಿಪುರಂನಲ್ಲಿಯೂ ಇದ್ದಾರೆ. ಇಲ್ಲಿಂದ ಮಾನಸಗಂಗೋತ್ರಿಗೆ ನಡೆದೇ ಹೋಗಬಹುದು. ಜೈನಶಾಸ್ತ್ರ ಮತ್ತು ಪ್ರಾಕೃತಕ್ಕೆ ಇರುವಂತೆ ಕ್ರೈಸ್ತಧರ್ಮದ ಸ್ನಾತಕೋತ್ತರ ಅಧ್ಯಯನಕ್ಕೂ ಅಲ್ಲಿ ಸ್ಥಾನವಿದೆಯೆಂಬುದು ಅವರಲ್ಲಿ ಅನೇಕರಿಗೆ ತಿಳಿಯದು.

ಇಂತಹ ಅಧ್ಯಯನದಿಂದ ಏನಾದೀತು ಎಂಬುದಕ್ಕೆ ಆಫ್ರಿಕದ ಒಂದು ಪ್ರಸಂಗವನ್ನು ನೆನೆಯಬಹುದು. 1960ರ ಜನವರಿಯಲ್ಲಿ, ಕಾಂಗೋ ದೇಶವು ಸ್ವತಂತ್ರವಾಗುವುದಕ್ಕೆ ಕೆಲವೇ ತಿಂಗಳುಗಳ ಮುನ್ನ, ಅಲ್ಲಿನ ಲೊವಾನಿಯಂ ವಿಶ್ವವಿದ್ಯಾನಿಲಯದಲ್ಲಿ ತಾರ್ಸಿಸ್ ಷಿಬಂಗು ಎಂಬ ವಿದ್ಯಾರ್ಥಿಯು ಆಫ್ರಿಕದ ವರ್ಣವುಳ್ಳ ದೈವಶಾಸ್ತ್ರ ಸಾಧ್ಯವೆಂದು ವಾದಿಸಿದರು. ಶಾಸ್ತ್ರವು ಮೊದಲು ಸಾರ್ವತ್ರಿಕವಾಗಿರಬೇಕೆಂಬುದು ಅವರ ಗುರು ವನ್ನೆಸ್ಟೆಯವರ ನಿಲುವು. ಗುರುವಿನ ಮಾತಿನಲ್ಲಿಯೂ ಹುರುಳಿತ್ತು. ಆದರೆ ಆ ವಾದವನ್ನು ಎತ್ತಲು ವಿದ್ಯಾರ್ಥಿಗೆ ವೇದಿಕೆ ದೊರೆತದ್ದೇ ದೊಡ್ಡದು. ಅವರು ಮುಂದೆ ಬಿಷಪರಾದರು, ಆ ವಿಶ್ವವಿದ್ಯಾನಿಲಯದ ಮುಖ್ಯಸ್ಥರೂ ಆದರು.

ಕನ್ನಡದ ವರ್ಣವುಳ್ಳ ದೈವಶಾಸ್ತ್ರ ನಮ್ಮಲ್ಲಿ ಎಷ್ಟಿದೆ? ದ್ವಿತೀಯ ವ್ಯಾಟಿಕನ್ ಮಹಾಸಭೆಯ ತರುವಾಯ ಬಲಿಪೂಜೆ ಕನ್ನಡಕ್ಕೆ ಬಂದಿತು. ಚಿಂತನೆ ಬಹುಪಾಲು ಇಂಗ್ಲಿಷಿನಲ್ಲಿಯೇ ಉಳಿಯಿತು. ನಾನೂ ತತ್ತ್ವಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕಲಿತವನೇ. ಒಂದೇ ಪದವನ್ನು ನೋಡೋಣ: ನಾವು ದಿನವೂ ಜಪದಲ್ಲಿ 'ವರಪ್ರಸಾದ' ಎನ್ನುತ್ತೇವೆ. ವೀರಶೈವರ ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಎರಡೂ ದೇವರ ಕೊಡುಗೆಯೇ. ಹಾಗಾದರೆ ಇವೆರಡರ ಅರ್ಥ ಎಲ್ಲಿ ಕೂಡುತ್ತದೆ, ಎಲ್ಲಿ ಅಗಲುತ್ತದೆ? ಗುರುಮಠದಲ್ಲಿ ನನ್ನನ್ನು ಯಾರೂ ಹೀಗೆ ಕೇಳಲಿಲ್ಲ, ಏಕೆಂದರೆ ಅಲ್ಲಿದ್ದವರೆಲ್ಲ ನಮ್ಮವರೇ. ವಿಶ್ವವಿದ್ಯಾನಿಲಯದಲ್ಲಾದರೆ ಪಕ್ಕದಲ್ಲಿ ಕುಳಿತ ಲಿಂಗಾಯತ ಸಹಪಾಠಿಯೇ ಕೇಳುತ್ತಾನೆ. ಉತ್ತರ ಹುಡುಕದೆ ಗತ್ಯಂತರವಿಲ್ಲ.

ಸರ್ಕಾರದ ಹಣದಲ್ಲಿ ಧರ್ಮ ಕಲಿಸಬಹುದೇ ಎಂಬ ಆಕ್ಷೇಪವುಂಟು. ಸಂಪೂರ್ಣವಾಗಿ ಸರ್ಕಾರಿ ಹಣದಿಂದ ನಡೆಯುವ ಸಂಸ್ಥೆಗಳಲ್ಲಿ ಧರ್ಮಬೋಧನೆ ಕೂಡದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಬೋಧನೆ ಬೇರೆ, ಅಧ್ಯಯನ ಬೇರೆ. 1918ರಿಂದ 1921ರವರೆಗೆ ನಮ್ಮ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದ ರಾಧಾಕೃಷ್ಣನ್ ಅವರಿಗೆ ಈ ಭೇದ ಚೆನ್ನಾಗಿ ತಿಳಿದಿತ್ತು. ಅವರ ಅಧ್ಯಕ್ಷತೆಯ 1948-49ರ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು ಬುದ್ಧ, ಯೇಸು, ಮಹಮ್ಮದ್, ಕಬೀರ್ ಮೊದಲಾದವರ ಜೀವನವನ್ನು ಪದವಿ ತರಗತಿಯಲ್ಲಿ ಕಲಿಸಬೇಕೆಂದು ಸೂಚಿಸಿತು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಅಧ್ಯಾಪಕರು ಹಿಂದೂಧರ್ಮವನ್ನು ಟೀಕಿಸಿದ್ದೇ ತಮ್ಮನ್ನು ವೇದಾಂತದ ಅಧ್ಯಯನಕ್ಕೆ ಹಚ್ಚಿತೆಂದು ಅವರೇ ಬರೆದುಕೊಂಡಿದ್ದಾರೆ. ಟೀಕೆಯನ್ನು ಎದುರಿಸಿ ಅವರು ತಮ್ಮ ಧರ್ಮವನ್ನು ಇನ್ನಷ್ಟು ಆಳವಾಗಿ ಅರಿತರು. ನಮ್ಮ ಮಕ್ಕಳಿಗೆ ಆ ಭಯವೇಕೆ?

ನಮ್ಮ ಮಕ್ಕಳ ಧರ್ಮೋಪದೇಶ ದೃಢೀಕರಣ ಸಂಸ್ಕಾರದೊಂದಿಗೆ ಮುಗಿಯುತ್ತದೆ. ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ಯುವತಿಯ ಬಳಿ ವಿಶ್ವಾಸದ ಬಗ್ಗೆ ಇರುವುದು ಹದಿನಾಲ್ಕರ ವಯಸ್ಸಿನ ಉತ್ತರಗಳು. ಆಕೆ ಪೂಜೆಗೆ ಬರುವುದನ್ನು ನಿಲ್ಲಿಸಿದಾಗ ನಾವು ಕಾಲವನ್ನು ದೂರುತ್ತೇವೆ.

ಈ ವರ್ಷ ಹಬ್ಬದ ದೀಪಾಲಂಕಾರದ ಖರ್ಚಿನಲ್ಲಿ ಒಂದು ಪಾಲನ್ನು ತೆಗೆದಿರಿಸಿ, ಶ್ರೀಸಾಮಾನ್ಯ ವಿಶ್ವಾಸಿಗಳಲ್ಲಿ ಒಬ್ಬರನ್ನಾದರೂ ಮಾನಸಗಂಗೋತ್ರಿಗೆ ಕಳುಹಿಸೋಣವೆಂದು ಧರ್ಮಕೇಂದ್ರದ ಪಾಲನಾ ಸಮಿತಿಯ ಮುಂದೆ ಇಡಲಿದ್ದೇನೆ. ಓದುವ ಮನಸ್ಸುಳ್ಳವರು ಭಾನುವಾರದ ಪೂಜೆಯ ಬಳಿಕ ಬಂದು ಕಾಣಬಹುದು.