ಮಲೆನಾಡಿನ ಕಾಲುದಾರಿಗಳನ್ನು ದಾಖಲಿಸಿ ಉಳಿಸುವಂತೆ ಮನವಿ

ಗೆ,
ಪ್ರಧಾನ ಕಾರ್ಯದರ್ಶಿಗಳು,
ಕಂದಾಯ ಇಲಾಖೆ, ಕರ್ನಾಟಕ ಸರ್ಕಾರ,
ಬೆಂಗಳೂರು.

ವಿಷಯ: ಶಿವಮೊಗ್ಗ, ಚಿಕ್ಕಮಗಳೂರು ಮತ್ತು ಉತ್ತರ ಕನ್ನಡ ಜಿಲ್ಲೆಗಳ ಮಲೆನಾಡು ತಾಲ್ಲೂಕುಗಳಲ್ಲಿ ಊರುಗಳ ನಡುವಿನ ಕಾಲುದಾರಿಗಳನ್ನು ಅಳೆದು ದಾಖಲಿಸಿ, ನಡೆಯುವವರಿಗೆ ತೆರೆದಿಡುವ ಕುರಿತು.

ಮಾನ್ಯರೇ,

ಮಲೆನಾಡಿನ ಊರು ಬಯಲುಸೀಮೆಯ ಊರಿನಂತೆ ಒತ್ತಾಗಿ ಕಟ್ಟಿಕೊಂಡದ್ದಲ್ಲ. ಗುಡ್ಡದ ಮಗ್ಗುಲಲ್ಲೊಂದು ಮನೆ, ತೋಟ ದಾಟಿದರೆ ಮತ್ತೊಂದು, ಗದ್ದೆಬಯಲಿನ ಆಚೆ ದಿಂಬದ ಮೇಲೆ ಇನ್ನೆರಡು. ಹೀಗೆ ಚದುರಿದ ಮನೆಗಳನ್ನು ಒಂದು ಊರಾಗಿ ಹಿಡಿದಿಟ್ಟಿರುವುದು ಗದ್ದೆಯ ಅಂಚು, ಅಗಳದ ಬದಿ, ಸೊಪ್ಪಿನಬೆಟ್ಟ ಮತ್ತು ಕಾನಿನ ನಡುವೆ ಸಾಗುವ ಕಾಲುದಾರಿ. ಉಣುಗೋಲು ಸರಿಸಿ, ಸಂಕ ದಾಟಿ ಜನ ಶಾಲೆಗೆ, ಡೈರಿಗೆ, ನ್ಯಾಯಬೆಲೆ ಅಂಗಡಿಗೆ, ಬಸ್ಸಿಗೆ ಹೋಗಿ ಬರುವುದು ಈ ದಾರಿಯಲ್ಲೇ. ಅವು ಈಗ ಒಂದೊಂದಾಗಿ ಮುಚ್ಚುತ್ತಿವೆ. ಅಡಿಕೆ ತೋಟ ವಿಸ್ತರಿಸಿದಾಗ ದಾರಿ ಅದರೊಳಗೆ ಸೇರಿಹೋಗುತ್ತದೆ. ಜಮೀನು ಕೈ ಬದಲಾದಾಗ ಉಣುಗೋಲಿದ್ದ ಜಾಗಕ್ಕೆ ಬೀಗದ ಗೇಟು ಬರುತ್ತದೆ. ಓಡಾಟ ನಿಂತ ಕಡೆ ಎರಡು ಮಳೆಗಾಲದಲ್ಲಿ ಲಂಟಾನ ಹಬ್ಬುತ್ತದೆ. ದಾಖಲೆಯಿಲ್ಲದ ದಾರಿಯನ್ನು ಯಾರ ಒಳ್ಳೆಯತನವೂ ಬಹುಕಾಲ ಕಾಯಲಾರದು. ಆದ್ದರಿಂದ ಈ ದಾರಿಗಳನ್ನು ಮೊದಲು ದಾಖಲಿಸಬೇಕು ಎಂಬುದು ನಮ್ಮ ಮನವಿಯ ತಿರುಳು. ದಾಖಲಾದ ದಾರಿ ಊರವರಿಗೂ ದೂರದಿಂದ ನಡೆಯಲು ಬರುವವರಿಗೂ ಒಂದೇ ಸಮನೆ ಒದಗುತ್ತದೆ ಎಂಬುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇವೆ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿಗಳು ಸರ್ಕಾರದ ಸ್ವತ್ತು ಎಂದು ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 67ನೇ ಕಲಂ ಹೇಳುತ್ತದೆ. ಅಂಥ ದಾರಿಯ ಮೇಲಿನ ಜನರ ಹಕ್ಕನ್ನು ರದ್ದುಪಡಿಸಬೇಕಾದರೆ ಮೊದಲು ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಬೇಕು ಎಂಬುದು 68ನೇ ಕಲಮಿನ ಆಶಯ. ನಕಾಶೆ ಕಂಡ ದಾರಿಗಳ ಒತ್ತುವರಿ ತೆರವುಗೊಳಿಸುವಂತೆ ಇಲಾಖೆ ತಹಶೀಲ್ದಾರರಿಗೆ ಸೂಚಿಸಿರುವುದೂ ಸ್ವಾಗತಾರ್ಹ. ಆದರೆ ಮಲೆನಾಡಿನ ತೊಡಕು ಬೇರೆಯೇ ಇದೆ. ಇಲ್ಲಿನ ಎಷ್ಟೋ ದಾರಿಗಳು ಗ್ರಾಮ ನಕಾಶೆಯಲ್ಲಿ ಇಲ್ಲ. ಅವು ರೂಢಿಯ ದಾರಿಗಳು. 20 ವರ್ಷ ಅಡೆತಡೆಯಿಲ್ಲದೆ ಬಳಸಿದ ದಾರಿಗೆ ಭಾರತೀಯ ಅನುಭೋಗ ಹಕ್ಕು ಕಾಯ್ದೆ, 1882ರಲ್ಲಿ ರಕ್ಷಣೆ ಇದೆಯೆಂಬುದು ನಿಜ. ಆದರೆ ಅದನ್ನು ಸಾಬೀತುಪಡಿಸಲು ಸಾಮಾನ್ಯನೊಬ್ಬ ಸಿವಿಲ್ ನ್ಯಾಯಾಲಯದ ಮೆಟ್ಟಿಲೇರಿ ನೆರೆಮನೆಯವನ ವಿರುದ್ಧವೇ ವರ್ಷಗಟ್ಟಲೆ ಹೋರಾಡಬೇಕು. ದಾರಿಗೆ ಸಾಕ್ಷಿ ಹೇಳಬಲ್ಲ ಹಿರಿಯರು ಆ ವೇಳೆಗೆ ಇರುವುದಿಲ್ಲ. ಅವರು ಇರುವಾಗಲೇ ಗ್ರಾಮಸಭೆಯಲ್ಲಿ ಅವರ ಮಾತನ್ನು ಬರೆದುಕೊಂಡರೆ ವ್ಯಾಜ್ಯವೂ ತಪ್ಪುತ್ತದೆ, ದಾರಿಯೂ ಉಳಿಯುತ್ತದೆ.

ನಡೆಯಲೆಂದೇ ಮಲೆನಾಡಿಗೆ ಬರುವವರ ಸಂಖ್ಯೆ ಬೆಳೆದಿದೆ. ಆದರೆ ಅವರೆಲ್ಲ ಹೋಗುವುದು ಕೆಲವೇ ಶಿಖರಗಳಿಗೆ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದಲ್ಲಿ ಉಂಟಾದ ಜನದಟ್ಟಣೆಯನ್ನು ಕಂಡು, ಆನ್‌ಲೈನ್ ನೋಂದಣಿ ಇಲ್ಲದ ಚಾರಣಪಥಗಳಲ್ಲಿ ಚಾರಣವನ್ನು ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಆಮೇಲೆ ದಿನಕ್ಕಿಷ್ಟೇ ಜನ ಎಂಬ ಮಿತಿ ಬಂತು. ಮುಳ್ಳಯ್ಯನಗಿರಿಯ ರಸ್ತೆಯಲ್ಲಿ ಕಾರುಗಳು, ಕೊಡಚಾದ್ರಿಯ ಏರಿನಲ್ಲಿ ಜೀಪುಗಳು ಸಾಲುಗಟ್ಟುವುದು ತಮಗೆ ತಿಳಿದದ್ದೇ. ಶಿಖರಕ್ಕೆ ಮಿತಿ ಹಾಕುವುದು ಸರಿಯಾದ ಕ್ರಮ. ಆದರೆ ನಡೆಯಲು ಬೇರೆ ಜಾಗವನ್ನೇ ತೋರಿಸದೆ ಮಿತಿ ಹಾಕಿದರೆ ದಟ್ಟಣೆ ಪಕ್ಕದ ಗುಡ್ಡಕ್ಕೆ ಸರಿಯುತ್ತದೆ, ಅಷ್ಟೆ. ತೀರ್ಥಹಳ್ಳಿ ತಾಲ್ಲೂಕಿನ ಕವಲೆದುರ್ಗಕ್ಕೆ ಹೋಗುವವರು ಗದ್ದೆಯ ಬದಿಯಿಂದ ನಡೆದು, ಕಲ್ಲುಹಾಸಿನ ಹಳೆಯ ದಾರಿ ಹಿಡಿದು ಕೋಟೆ ಸೇರುತ್ತಾರೆ. ಅಲ್ಲಿ ನಡಿಗೆಯೇ ನೋಡುವ ಸಂಗತಿಯಾಗಿದೆ. ಊರಿಂದೂರಿಗೆ ಸಾಗುವ ಇಂಥ ದಾರಿಗಳು ತೆರೆದಿದ್ದರೆ ಬಂದವರು ಹತ್ತಾರು ಊರುಗಳಲ್ಲಿ ಹಂಚಿಹೋಗುತ್ತಾರೆ. ಅವರ ಊಟ, ವಸತಿಯ ಹಣವೂ ಒಂದೆರಡು ರೆಸಾರ್ಟುಗಳಲ್ಲಿ ನಿಲ್ಲದೆ ಮನೆಮನೆ ಸೇರುತ್ತದೆ.

ಇದು ಕಾರ್ಯಸಾಧ್ಯ ಎಂಬುದಕ್ಕೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಅನುಭವ ಆಧಾರ. ಅಲ್ಲಿ 1949ರ ಕಾಯ್ದೆಯೊಂದು ಕೌಂಟಿ ಕೌನ್ಸಿಲ್‌ಗಳಿಗೆ ಸಾರ್ವಜನಿಕ ಕಾಲುದಾರಿಗಳ ಅಧಿಕೃತ ನಕ್ಷೆ ತಯಾರಿಸುವ ಹೊಣೆ ಹೊರಿಸಿತು. ಆ ನಕ್ಷೆಯಲ್ಲಿ ಗುರುತಾದ ದಾರಿ ಕಾನೂನಿನ ಕಣ್ಣಿನಲ್ಲಿ ನಿರ್ಣಾಯಕ ಸಾಕ್ಷ್ಯ. ಇಂದು ಅಲ್ಲಿ ಸುಮಾರು 2.25 ಲಕ್ಷ ಕಿಲೋಮೀಟರ್ ಉದ್ದದ ದಾರಿಗಳ ಮೇಲೆ ಜನರಿಗೆ ಹಕ್ಕಿದೆ. ಬಹುಪಾಲು ಖಾಸಗಿ ಹೊಲ, ಹುಲ್ಲುಗಾವಲುಗಳ ನಡುವೆಯೇ ಸಾಗುತ್ತವೆ. ನೆಲ ರೈತನದಾಗಿಯೇ ಉಳಿದಿದೆ, ನಡೆಯುವ ಹಕ್ಕು ಮಾತ್ರ ಎಲ್ಲರದು. 2001ರಲ್ಲಿ ಕಾಲುಬಾಯಿ ಜ್ವರ ಹರಡಿ ಆ ದಾರಿಗಳನ್ನು ಮುಚ್ಚಿದಾಗ ಹಳ್ಳಿಗಳ ವಸತಿಗೃಹ, ಅಂಗಡಿ, ಹೋಟೆಲುಗಳಿಗೆ ಭಾರಿ ನಷ್ಟವಾಯಿತು. ಕಾಲುದಾರಿಯನ್ನು ನೆಚ್ಚಿ ಹಳ್ಳಿಯ ಎಷ್ಟು ಬದುಕು ನಡೆಯುತ್ತದೆ ಎಂಬುದು ಅದು ಮುಚ್ಚಿದಾಗ ಕಂಡಿತು.

ನಮ್ಮ ಬೇಡಿಕೆಗೆ ಬರಬಹುದಾದ ಆಕ್ಷೇಪಗಳನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮೊದಲನೆಯದು ಜಮೀನಿನ ಒಡೆಯರದು. ದಾರಿ ದಾಖಲಾದರೆ ಜಾಗವೇ ಕೈತಪ್ಪೀತು, ಅಪರಿಚಿತರು ತೋಟಕ್ಕೆ ನುಗ್ಗಿ ಅಡಿಕೆ, ಮೆಣಸು ಕದ್ದಾರು ಎಂಬ ಅಳುಕು ಸಹಜ. ಅದಕ್ಕೆ ಉತ್ತರ ಸ್ಪಷ್ಟ ದಾಖಲೆಯಲ್ಲೇ ಇದೆ. ದಾರಿಯ ಅಗಲ ಇಂತಿಷ್ಟೇ, ಇದು ನಡಿಗೆಗೆ ಮಾತ್ರ, ಒಡೆತನ ಬದಲಾಗದು ಎಂದು ಬರೆದಿಟ್ಟರೆ ಈಗಿನ ಗೊಂದಲಕ್ಕಿಂತ ಒಡೆಯರಿಗೇ ಹೆಚ್ಚು ರಕ್ಷಣೆ. ಅಂಗಳದ ನಡುವೆಯೇ ಹಾಯುವ ದಾರಿಯನ್ನು ಗ್ರಾಮಸಭೆಯ ಒಪ್ಪಿಗೆಯಿಂದ ಪಕ್ಕಕ್ಕೆ ಸರಿಸಲೂ ಅವಕಾಶವಿರಲಿ. ಎರಡನೆಯದು ಕಸ, ಕುಡಿತ, ಗಲಾಟೆಯ ಭಯ. ಈ ಹಾವಳಿ ಹೆಚ್ಚಿರುವುದು ವಾಹನ ನೇರವಾಗಿ ತಲುಪುವ ಜಾಗಗಳಲ್ಲಿ. ಊರ ನಡುವೆ, ಊರವರ ಕಣ್ಣೆದುರಿಗೆ ನಡೆದುಹೋಗುವವರ ಮೇಲೆ ನಿಗಾ ಇಡುವುದು ಸುಲಭ. ದಂಡ ಹಾಕುವ ಅಧಿಕಾರವನ್ನು ಪಂಚಾಯಿತಿ ಬಳಸಲಿ.

ಮೂರನೆಯದು ಕಾಡು ಮತ್ತು ಆರೋಗ್ಯದ ಪ್ರಶ್ನೆ. ಇಲ್ಲಿ ನಾವು ಪೂರ್ತಿ ಎಚ್ಚರದ ಪರ. ಅಭಯಾರಣ್ಯಗಳಲ್ಲಿ ಹೊಸ ದಾರಿ ನಾವು ಕೇಳುತ್ತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಇಂದಿಗೂ ಈ ಸೀಮೆಯಲ್ಲಿ ಜೀವ ತೆಗೆಯುತ್ತಿದೆ. ಉಣುಗಿನಿಂದ ಹರಡುವ ಈ ಕಾಯಿಲೆ ಬೇಸಿಗೆಯ ತಿಂಗಳುಗಳಲ್ಲಿ ಹೆಚ್ಚು. ಮಂಗ ಸತ್ತ ವರದಿ ಬಂದ ಕಡೆ ಕಾಡಂಚಿನ ದಾರಿಯನ್ನು ಹೊರಗಿನವರಿಗೆ ಕೂಡಲೇ ಮುಚ್ಚಬೇಕು. ಯಾವ ದಾರಿ ಎಲ್ಲಿ ಹಾಯುತ್ತದೆ ಎಂಬ ನಕ್ಷೆಯಿದ್ದರಷ್ಟೇ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರಬಲ್ಲದು. ಕೊನೆಯದಾಗಿ, ಕಾಲುದಾರಿ ಏಕೆ, ರಸ್ತೆಯನ್ನೇ ಮಾಡಿಕೊಡಿ ಎನ್ನುವವರಿದ್ದಾರೆ. ಆಂಬುಲೆನ್ಸ್ ಬರುವ ರಸ್ತೆ ಪ್ರತಿ ಮನೆಗೂ ಬೇಕು, ಅದಕ್ಕೆ ನಮ್ಮ ವಿರೋಧವಿಲ್ಲ. ಆದರೆ ಪ್ರತಿ ದಾರಿಯನ್ನೂ ಜೆಸಿಬಿಯಿಂದ ಅಗಲಿಸಿದರೆ ಕಡಿದಾದ ದರೆ ಮಳೆಗಾಲದಲ್ಲಿ ಕುಸಿಯುತ್ತದೆ. ರಸ್ತೆ ಬಂದ ಮೇಲೂ ಶಾಲೆಯ ಮಕ್ಕಳಿಗೆ, ವಾಹನವಿಲ್ಲದವರಿಗೆ ಹತ್ತಿರದ ದಾರಿ ಬೇಕೇ ಬೇಕು.

ಮೇಲಿನ ಕಾರಣಗಳಿಂದ ನಮ್ಮ ಬೇಡಿಕೆಗಳು ಇವು:

1. ಪ್ರತಿ ಕಂದಾಯ ಗ್ರಾಮದಲ್ಲಿ ಗ್ರಾಮ ಆಡಳಿತ ಅಧಿಕಾರಿ ಮತ್ತು ಭೂಮಾಪಕರು ಊರ ಹಿರಿಯರೊಂದಿಗೆ ನಡೆದು, ನಕಾಶೆ ಕಂಡ ದಾರಿ ಮತ್ತು ರೂಢಿಯ ದಾರಿ ಎರಡನ್ನೂ ಗುರುತಿಸಬೇಕು.

2. ಕರಡು ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ, ಆಕ್ಷೇಪಣೆ ಆಲಿಸಿ, ಅಂತಿಮಗೊಂಡ ದಾರಿಗಳನ್ನು ಗ್ರಾಮ ನಕಾಶೆಯಲ್ಲೂ ದಿಶಾಂಕ್ ಆ್ಯಪ್‌ನಲ್ಲೂ ತೋರಿಸಬೇಕು.

3. ಭೂಪರಿವರ್ತನೆಗೆ ಒಪ್ಪಿಗೆ ನೀಡುವ ಮೊದಲು ಆ ಜಮೀನಿನಲ್ಲಿ ದಾರಿ ಹಾಯುತ್ತದೆಯೇ ಎಂದು ಸ್ಥಳ ಪರಿಶೀಲಿಸಿ, ದಾರಿ ತೆರೆದಿಡುವುದನ್ನು ಷರತ್ತಾಗಿ ವಿಧಿಸಬೇಕು.

4. ಬೇಲಿ ಹಾಕುವಲ್ಲಿ ಉಣುಗೋಲು ಅಥವಾ ಜನ ದಾಟುವ ಕಿಂಡಿ ಕಡ್ಡಾಯವಾಗಬೇಕು. ಕಾಲುಸಂಕಗಳ ದುರಸ್ತಿ ಪ್ರತಿ ವರ್ಷ ಮುಂಗಾರಿಗೆ ಮುನ್ನ ಮುಗಿಯಬೇಕು.

5. ದಾರಿಗಳಿಗೆ ಕಾಂಕ್ರೀಟ್ ಸುರಿಯದೆ, ಸ್ಥಳೀಯ ಕಲ್ಲು, ಮಣ್ಣಿನಿಂದ ಊರವರ ಕೂಲಿಯಲ್ಲೇ ನಿರ್ವಹಿಸಬೇಕು.

6. ಆಸಕ್ತಿ ತೋರಿದ ಪಂಚಾಯಿತಿಗಳಲ್ಲಿ ಊರಿಂದೂರಿಗೆ ನಡಿಗೆಯ ಪಥಗಳನ್ನು ಪ್ರವಾಸೋದ್ಯಮ ಇಲಾಖೆ ಗುರುತಿಸಬೇಕು. ಶುಲ್ಕವಿದ್ದಲ್ಲಿ ಅದು ಆಯಾ ಪಂಚಾಯಿತಿಗೇ ಸೇರಬೇಕು.

ಇಷ್ಟನ್ನೂ ಒಮ್ಮೆಗೇ ಮಾಡಿ ಎಂದು ನಾವು ಕೇಳುವುದಿಲ್ಲ. ಈ ಮೂರು ಜಿಲ್ಲೆಗಳ ಪ್ರತಿ ಮಲೆನಾಡು ತಾಲ್ಲೂಕಿನಿಂದ ಒಂದೊಂದು ಗ್ರಾಮ ಪಂಚಾಯಿತಿಯನ್ನು ಆಯ್ದು, ಬರುವ ಮುಂಗಾರಿಗೆ ಮುನ್ನ ಅಲ್ಲಿ ದಾರಿಗಳ ಅಳತೆ ಆರಂಭಿಸುವ ಆದೇಶ ಹೊರಡಿಸಬೇಕೆಂದು ಕೋರುತ್ತೇವೆ. ಅಳತೆಯ ಕೆಲಸಕ್ಕೆ ಬೇಕಾದ ಸ್ಥಳೀಯ ಮಾಹಿತಿ ಮತ್ತು ಶ್ರಮ ಎರಡನ್ನೂ ಒದಗಿಸಲು ನಾವು ಬದ್ಧರಿದ್ದೇವೆ.


ತಮ್ಮ ವಿಶ್ವಾಸಿಗಳು,
ಮಲೆನಾಡಿನ ಗ್ರಾಮಸ್ಥರು ಮತ್ತು ಚಾರಣಿಗರ ಪರವಾಗಿ

ಪ್ರತಿಗಳು: ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ, ಅರಣ್ಯ ಇಲಾಖೆ, ಪ್ರವಾಸೋದ್ಯಮ ಇಲಾಖೆ, ಸಂಬಂಧಪಟ್ಟ ಜಿಲ್ಲಾಧಿಕಾರಿಗಳು.