ಅಸಲು, ಬಡ್ಡಿ ಮತ್ತು ಕೋಬಾಲ್

ಹೂಗ್ಯಂನಂತಹ ಊರುಗಳಿಂದ ಬೆಂಗಳೂರಿಗೆ ತೆರಳಿ ಕಂಪ್ಯೂಟರ್ ಉದ್ಯೋಗ ಹಿಡಿದ ಮಕ್ಕಳು ಇಂದು ನಮ್ಮ ಅನೇಕ ಮನೆಗಳಲ್ಲಿದ್ದಾರೆ. ಆ ಉದ್ಯೋಗಕ್ಕೆ ದಾರಿ ತೆರೆದವುಗಳಲ್ಲಿ ಒಂದು, ಅರವತ್ತು ದಾಟಿದ ಕೋಬಾಲ್ ಎಂಬ ಭಾಷೆಯೆಂದರೆ ಹಿರಿಯರಿಗೆ ಆಶ್ಚರ್ಯವಾದೀತು.

1959ಕ್ಕೆ ಮುನ್ನ ಒಬ್ಬೊಬ್ಬ ತಯಾರಕರ ಯಂತ್ರಕ್ಕೂ ಒಂದೊಂದು ಭಾಷೆ. ಯಂತ್ರ ಬದಲಾದರೆ ಆದೇಶಗಳನ್ನೆಲ್ಲ ಹೊಸದಾಗಿ ಬರೆಯಬೇಕು. ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆಯು ತಯಾರಕರನ್ನೂ ಬಳಕೆದಾರರನ್ನೂ ಒಟ್ಟುಗೂಡಿಸಿ, ಎಲ್ಲ ಯಂತ್ರಗಳಿಗೂ ಸಲ್ಲುವ ವ್ಯಾಪಾರದ ಭಾಷೆಯೊಂದಕ್ಕೆ ಚಾಲನೆ ನೀಡಿತು. ಗಣಿತ ವಿದುಷಿ ಗ್ರೇಸ್ ಹಾಪರ್ ಮೊದಲೇ ರೂಪಿಸಿದ್ದ ಫ್ಲೋ-ಮ್ಯಾಟಿಕ್ ಅದಕ್ಕೆ ಬುನಾದಿಯಾಯಿತು. ಜೀನ್ ಸ್ಯಾಮೆಟ್ ಮುಂತಾದವರು ಕುಳಿತು ವ್ಯಾಕರಣ ಹೆಣೆದರು. 1960ರ ಡಿಸೆಂಬರಿನಲ್ಲಿ ಒಂದೇ ಆದೇಶಪಟ್ಟಿಯು ಎರಡು ಬೇರೆ ಕಂಪನಿಗಳ ಯಂತ್ರಗಳಲ್ಲಿ ನಡೆದು ತೋರಿತು.

ಗಣಿತದ ಸಂಕೇತಗಳಿಗೆ ಬದಲಾಗಿ ಸರಳ ಇಂಗ್ಲಿಷ್ ಮಾತುಗಳು ಇದರಲ್ಲಿವೆ. ಲೆಕ್ಕದ ಬಾಬುಗಳಿಗೆ ಬರೆಯುವವರೇ ಹೆಸರಿಡಬಹುದು. 'ಆಡ್ ಬಡ್ಡಿ ಟು ಅಸಲು ಗಿವಿಂಗ್ ಮೊತ್ತ' ಎಂದು ಇಂಗ್ಲಿಷ್ ಲಿಪಿಯಲ್ಲಿ ಬರೆದರೂ ಯಂತ್ರ ಒಪ್ಪುತ್ತದೆ! ಪಂಡಿತರು ಮೂಗು ಮುರಿದರು. 1975ರಲ್ಲಿ ಡೈಕ್‌ಸ್ಟ್ರಾ ಎಂಬ ವಿಜ್ಞಾನಿಯಂತೂ ಕಟುವಾಗಿ ಖಂಡಿಸಿದರು. ಒಬ್ಬರು ಬರೆದ ಲೆಕ್ಕವನ್ನು ಮತ್ತೊಬ್ಬರು ಓದಬಲ್ಲರೆಂಬುದು ನಮ್ಮ ದೃಷ್ಟಿಯಲ್ಲಿ ಸಣ್ಣ ಗುಣವಲ್ಲ.

ಆದರೆ ಒಂದು ಉಳಿತಾಯ ದುಬಾರಿಯಾಯಿತು. ಅಂದಿನ ರಂಧ್ರಪತ್ರದಲ್ಲಿ 80 ಅಕ್ಷರಗಳಿಗಷ್ಟೇ ಸ್ಥಳ. ಗಣಕಯಂತ್ರದ ನೆನಪಿನ ಭಂಡಾರವೂ ಬಲು ತುಟ್ಟಿ. ಆದಕಾರಣ ಅಂಗಡಿಯ ಸಾಲದ ಪುಸ್ತಕದಲ್ಲಿ ಬರೆಯುವಂತೆ ಇಸವಿಯನ್ನು 72 ಎಂದಷ್ಟೇ ಬರೆದರು. ಮನುಷ್ಯರು ಅದನ್ನು 1972 ಎಂದು ಊಹಿಸಿಕೊಳ್ಳುತ್ತಾರೆ, ಯಂತ್ರಕ್ಕೆ ಆ ವಿವೇಕವಿಲ್ಲ. 1995ರಲ್ಲಿ ಕೊಟ್ಟ ಸಾಲ 2000ದಲ್ಲಿ ತೀರಬೇಕಾದರೆ ಅವಧಿ 5 ವರ್ಷ. ಯಂತ್ರವು 00ರಿಂದ 95 ಕಳೆದರೆ ಬಡ್ಡಿಯ ಗತಿಯೇನು? ಬ್ಯಾಂಕು, ವಿಮೆ, ಪಿಂಚಣಿಗಳ ಇಂತಹ ಹಳೆಯ ಸಾಲುಗಳನ್ನು ಒಂದೊಂದಾಗಿ ಓದಿ ತಿದ್ದುವ ಕೆಲಸ 1990ರ ದಶಕದ ಕೊನೆಯಲ್ಲಿ ಬೆಂಗಳೂರಿಗೆ ಹರಿದುಬಂತು. ಇನ್ಫೋಸಿಸ್, ವಿಪ್ರೊ ಮೊದಲಾದ ಕಂಪನಿಗಳು ಅದನ್ನು ನಿಭಾಯಿಸಿ ಪರದೇಶದ ಗ್ರಾಹಕರ ನಂಬಿಕೆ ಗಳಿಸಿದವು. ಬೇಸರದ ದುಡಿಮೆಯೆಂದು ಆಗ ಹಲವರು ಅದನ್ನು ಹಗುರವಾಗಿ ಕಂಡದ್ದುಂಟು.

1968, 1974, 1985, 2002, ತೀರಾ ಈಚೆಗೆ 2023ರಲ್ಲಿಯೂ ಈ ಭಾಷೆಯ ನಿಯಮಗಳು ಪರಿಷ್ಕಾರಗೊಂಡಿವೆ. ಹೊಸ ಭಾಷೆಗಳ ಕೋರ್ಸುಗಳಿಗೆ ಹಣ ಕಟ್ಟುವ ಪೋಷಕರು ಹಳೆಯದನ್ನು ಬಲ್ಲವರ ಬೆಲೆಯನ್ನೂ ವಿಚಾರಿಸಲಿ. 2020ರ ಏಪ್ರಿಲಿನಲ್ಲಿ, ಕೋವಿಡ್‌ನಿಂದ ಕೆಲಸ ಕಳೆದುಕೊಂಡವರ ಅರ್ಜಿಗಳ ಭಾರಕ್ಕೆ ಹಳೆಯ ಕಂಪ್ಯೂಟರುಗಳು ಕುಸಿಯತೊಡಗಿದಾಗ, ನ್ಯೂಜೆರ್ಸಿ ರಾಜ್ಯದ ಗವರ್ನರು ಕೋಬಾಲ್ ಬಲ್ಲವರು ನೆರವಿಗೆ ಬರಬೇಕೆಂದು ಬಹಿರಂಗವಾಗಿ ಕೋರಬೇಕಾಯಿತು.